ನಂಜನಗೂಡಿನ ಜೊಂಡು ನರಸೀಪುರಕ್ಕೆ ಹೋದದ್ದು

ವೈಶಾಖದ ಒಂದು ದಿನ ನಸುಕಿನಲ್ಲೇ ನಂಜನಗೂಡು ಬಿಟ್ಟೆವು. ಗಾಡಿ ಹೊಡೆಯುತ್ತಿದ್ದವರು ನನ್ನ ಯಜಮಾನರು. ಹಿಂದೆ ನಾನು, ಮೊಸರನ್ನದ ಬುತ್ತಿ, ಒಂದು ಹೂಜಿ ನೀರು, ಒದ್ದೆ ಗೋಣಿಯಲ್ಲಿ ಸುತ್ತಿದ ಹೊಳೆ ಜೊಂಡಿನ ಬುಡಗಳು. ನರಸೀಪುರದ ನಮ್ಮ ಮನೆಯ ಬಚ್ಚಲು ನೀರು ಹಿತ್ತಲಲ್ಲಿ ನಿಂತು ನೆರೆಮನೆ ಪುಟ್ಟಮ್ಮನವರ ಮಣ್ಣುಗೋಡೆ ಕರಗುತ್ತಿತ್ತು. ಮಳೆಗಾಲದೊಳಗೆ ದಾರಿ ಕಾಣದಿದ್ದರೆ ಮೋರಿಯನ್ನೇ ಮುಚ್ಚಿಸುತ್ತೇನೆ ಎಂದು ಅವರು ಹೇಳಿಯಾಗಿತ್ತು. ನಂಜನಗೂಡಿನ ನನ್ನ ತವರಿನ ಹಿತ್ತಲಲ್ಲಿ ಜೊಂಡು ನೆಟ್ಟ ಮೇಲೆ ಅದು ನೀರು ಕುಡಿದು ಮಣ್ಣು ಹಿಡಿದಿತ್ತು. ಹಾಗೆಂದದ್ದಕ್ಕೆ ಅತ್ತೆ, "ಹುಲ್ಲು ನೆಟ್ಟು ಮನೆ ಉಳಿಸ್ತಾಳಂತೆ!" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದರು. ಬಿಡುತ್ತೇನೆಯೇ ನಾನು?

ಹದಿನೆಂಟು ಮೈಲಿ ದಾರಿ. ಅರ್ಧ ಹಾದಿಗೇ ಗೋಣಿ ಒಣಗಿತು. ಗದ್ದೆ ಬಯಲಲ್ಲಿ ಕಾಲುವೆ ಸಿಕ್ಕಿತು. ಗಂಟನ್ನು ಅದ್ದಿದೆನೋ ಇಲ್ಲವೋ, ಬದುವಿನಿಂದ ಒಬ್ಬ ರೈತ ಗುದ್ದಲಿ ಹಿಡಿದು ಓಡಿಬಂದ.

"ಎತ್ತವ್ವೋ ಮ್ಯಾಕೆ! ಕೊನ್ನಾರಿಯ ನಮ್ ನೀರ್ಗೆ ಬುಡ್ತಿದ್ದೀಯಾ?"

ಕೊನ್ನಾರಿ ಎಂದರೆ ಗದ್ದೆಯವರ ಪಾಲಿಗೆ ಮಾರಿ. ಗಡ್ಡೆಯ ಚೂರು ಉಳಿದರೂ ಮತ್ತೆ ಹಬ್ಬುವ ಕಳೆ. "ಅದಲ್ಲಪ್ಪ, ಇದು ಹೊಳೆ ಜೊಂಡು," ಎಂದೆ.

"ಜೊಂಡಾದ್ರೇನು, ಬೇರಲ್ವಾ? ಕೆಳಗಿನ ಅಳ್ಳಿಗೆಲ್ಲಾ ಇದೇ ನೀರು ಕಣವ್ವ!"

ಗಂಟಿಗೆ ಕೈಹಾಕಿ ಎಳೆದ. ನಾನು ಇನ್ನೊಂದು ತುದಿ ಬಿಡಲಿಲ್ಲ. ಯಜಮಾನರು ನಡುವೆ ಬಂದು ಕೈಮುಗಿದರು: "ತಪ್ಪಾಯ್ತಪ್ಪ, ಹೊರಟ್ವಿ." ಅವನು ಗಂಟು ಬಿಟ್ಟ. ಆದರೆ ಅದಕ್ಕೆ ಒಂದು ಬೊಗಸೆ ನೀರು ಹಾಕಗೊಡಲಿಲ್ಲ.

ಮುಂದೆ ಬಿಸಿಲು ನೆತ್ತಿ ಸುಟ್ಟಿತು. ಕಡ್ಡಿಗಳ ತುದಿ ಹಳದಿಗೆ ತಿರುಗಿತು. ತಡೆಯಲಾರದೆ ಹೂಜಿಯ ನೀರನ್ನೆಲ್ಲ ಬೇರಿಗೆ ಸುರಿದುಬಿಟ್ಟೆ.

"ನಾನು ಸತ್ರೂ ಚಿಂತೆಯಿಲ್ಲ, ನಿನ್ನ ಹುಲ್ಲು ಬದುಕಬೇಕು, ಅಲ್ವೇನೇ?" ಎಂದರು ಯಜಮಾನರು.

ಸಂಜೆ ಹಿತ್ತಲಲ್ಲಿ ಗಂಟು ಬಿಚ್ಚಿದರೆ ಕಡ್ಡಿಗಳೆಲ್ಲ ಜೋತುಬಿದ್ದಿದ್ದವು. ಗೋಡೆಯಾಚೆ ಪುಟ್ಟಮ್ಮನವರು ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದರು. ನನಗೆ ಅಳು ಬಂತು. ಅತ್ತೆ ಬಗ್ಗಿ ಒಂದು ಬೇರನ್ನು ಉಗುರಿನಿಂದ ಕೆರೆದರು. ಒಳಗೆ ಬೆಳ್ಳಗಿತ್ತು, ಇನ್ನೂ ಜೀವವಿತ್ತು. ಸೆರಗು ಸಿಕ್ಕಿಸಿಕೊಂಡು ಕೆಸರಿಗೆ ಇಳಿದೇಬಿಟ್ಟರು.

"ಪುಟ್ಟಮ್ಮಾ, ಇದೊಂದು ಮಳೆಗಾಲ ತಡ್ಕೊಳ್ಳಿ ಕಣ್ರೀ. ನಮ್ಮ ಸೊಸೆ ನೆಟ್ಟದ್ದು ಹಿಡೀದೆ ಹೋದ್ರೆ ಮೋರಿ ನಾನೇ ಮುಚ್ತೀನಿ."

ಆಮೇಲೆ ನನ್ನತ್ತ ಕೈಚಾಚಿ ಗದರಿದರು: "ನಿಂತ್ಕೊಂಡು ಏನೇ ನೋಡ್ತೀಯಾ? ಕೊಡು ಇತ್ಲಾಗೆ."