ವೆಲಿಚ್ಕಾ ಎಣಿಸಿದ ಪೇಟೆಂಟುಗಳು

ಬಲ್ಗೇರಿಯಾದ ರಾಜಧಾನಿ ಸೋಫಿಯಾದ ನಮ್ಮ ಅಂಕಿಅಂಶ ಕಚೇರಿಯಲ್ಲಿ ವೆಲಿಚ್ಕಾಳ ಮೇಜು ನನ್ನ ಮೇಜಿಗೆ ತಾಗಿಕೊಂಡೇ ಇತ್ತು. ಮೊದಲು ಅವಳು ಎಂಜಿನಿಯರ್. ಕಂಪ್ಯೂಟರಿನ ಡಿಸ್ಕ್ ತಯಾರಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ದುಡಿದವಳು. ಕಮ್ಯುನಿಸ್ಟ್ ಆಳ್ವಿಕೆ ಹೋಗಿ ಕಾರ್ಖಾನೆ ಮುಚ್ಚಿದಾಗ ನಮ್ಮಲ್ಲಿಗೆ ಬಂದಳು. ಪ್ರಯೋಗಾಲಯವೊಂದು ಮಾತ್ರ ಹೇಗೋ ಉಸಿರಾಡುತ್ತಿತ್ತು. ಅವಳ ಗಂಡ ಲ್ಯೂಬೆನ್ ಇನ್ನೂ ಅಲ್ಲೇ ಇದ್ದ.

೧೯೯೯ರಲ್ಲಿ ಸಚಿವಾಲಯ ಒಂದು ಕೆಲಸ ಒಪ್ಪಿಸಿತು. ಉನ್ನತ ತಂತ್ರಜ್ಞಾನದಲ್ಲಿ ಯಾವ ದೇಶ ಎಷ್ಟು ಮುಂದಿದೆ ಎಂದು, ಅಮೆರಿಕದಲ್ಲಿ ಅದು ಪಡೆದ ಪೇಟೆಂಟುಗಳನ್ನು ಎಣಿಸಿ ಹೋಲಿಸಬೇಕು. ವೆಲಿಚ್ಕಾ ಹುಮ್ಮಸ್ಸಿನಿಂದಲೇ ಕೂತಳು. ಮೂರನೆಯ ವಾರ ಒಂದು ಪೇಟೆಂಟಿನ ಮೇಲಿನ ಹೆಸರು ತೋರಿಸಲು ನನ್ನ ತೋಳು ಹಿಡಿದೆಳೆದಳು.

"ಇಲ್ನೋಡೇ, ನಮ್ ಸ್ಪಾಸ್! ಲ್ಯಾಬಲ್ಲಿ ನನ್ ಪಕ್ಕದಲ್ಲೇ ಕೂರ್ತಿದ್ದೋನು. ಇದು ನಾವಿಬ್ರೂ ಶುರು ಮಾಡಿದ್ ಕೆಲ್ಸಾನೇ ಕಣೇ."

ಸ್ಪಾಸ್ ಮ್ಯೂನಿಕ್ ಸೇರಿ ಆರು ವರ್ಷವಾಗಿತ್ತು. ಪೇಟೆಂಟಿನ ಒಡೆತನ ಅಲ್ಲಿನ ಕಂಪನಿಯದು, ಹಾಗಾಗಿ ಅದು ಜರ್ಮನಿಯ ಲೆಕ್ಕಕ್ಕೆ. ಹುಡುಕುತ್ತಾ ಹೋದಂತೆ ಹೀಗೆ ಪರದೇಶದ ಪಾಲಾದ ನಲವತ್ತೇಳು ಬಲ್ಗೇರಿಯನ್ ಹೆಸರುಗಳು ಸಿಕ್ಕವು. ಅವಳದೇ ಒಂಬತ್ತು ಆವಿಷ್ಕಾರಗಳಿಗೆ ಹಳೆಯ ಸರ್ಕಾರ ಪ್ರಮಾಣಪತ್ರ ಕೊಟ್ಟಿತ್ತು. ಹೊರಗೆಲ್ಲೂ ನೋಂದಾಯಿಸಿರದ ಅವನ್ನು ಕೇಳುವವರೇ ಇರಲಿಲ್ಲ.

ಮುಖ್ಯಸ್ಥ ಕಲ್ಚೇವ್ ಬಳಿ ಹೋದಳು. "ಕಂಡುಹಿಡಿದೋರು ಎಲ್ಲಿ ಕಲಿತ್ರು ಅಂತ ಇನ್ನೊಂದು ಕಾಲಂ ಹಾಕೋಣ ಸರ್. ಇಲ್ದಿದ್ರೆ ನಮಗೇನೂ ಬರಲ್ಲ ಅಂದ್ಕೋತಾರೆ."

"ಅಳೋದಕ್ಕೆಲ್ಲ ಕಾಲಂ ಇಲ್ಲಮ್ಮ," ಎಂದರು ಅವರು. "ಕಂಪನಿ ಯಾವ ದೇಶದ್ದೋ ಪೇಟೆಂಟೂ ಆ ದೇಶದ್ದೇ. ನಮ್ಮೊಬ್ಬರಿಗೋಸ್ಕರ ಬೇರೆ ಲೆಕ್ಕ ಇಡಕ್ಕಾಗತ್ತಾ?"

ಆ ನಲವತ್ತೇಳು ಹೆಸರುಗಳ ಬಗ್ಗೆ ಒಂದು ಅಡಿಟಿಪ್ಪಣಿ ಬರೆದಳು. ಅಚ್ಚಿಗೆ ಹೋಗುವಾಗ ಅದನ್ನೂ ತೆಗೆದರು. ಕಂಪ್ಯೂಟರ್ ವಿಭಾಗದಲ್ಲಿ ನಮ್ಮ ದೇಶದ ಎದುರು ಸೊನ್ನೆ.

ಮೇ ತಿಂಗಳಲ್ಲಿ ಸಚಿವಾಲಯ ಪ್ರಯೋಗಾಲಯವನ್ನು ಮುಚ್ಚಿತು. ಆದೇಶದಲ್ಲಿ ಅವಳ ಪಟ್ಟಿಯನ್ನೇ ಕಾರಣವಾಗಿ ತೋರಿಸಿದ್ದರು, ಪುಟಸಂಖ್ಯೆ ಸಮೇತ. ಲ್ಯೂಬೆನ್ ಆ ಕಾಗದ ತಂದು ಊಟದ ಮೇಜಿನ ಮೇಲಿಟ್ಟನಂತೆ.

"ನೀನೇ ಮಾಡಿದ್ದಾ ಇದು?"

"ಹೂಂ."

"ಸರಿಯಾಗಿ ಎಣಿಸಿದ್ಯಾ?"

"ಮೂರ್ ಸಲ ಎಣಿಸ್ದೆ."

"ಮತ್ತಿನ್ನೇನು, ಬಿಡು," ಎಂದು ಅವನು ಬೀನ್ಸ್ ಕಾಳಿನ ಸಾರು ಬಡಿಸಿಕೊಂಡ. ಬೈದಿದ್ದರಾದರೂ ತಡೆದುಕೊಳ್ಳುತ್ತಿದ್ದೆ ಎಂದು ಮಾರನೆಯ ದಿನ ನನ್ನ ಮುಂದೆ ಅತ್ತಳು.

ಉಪಕರಣಗಳನ್ನು ಗುಜರಿಯವರು ಲಾರಿಯಲ್ಲಿ ಒಯ್ದರು. ಲ್ಯೂಬೆನ್ ಟ್ರಾಮ್ ಡಿಪೋದಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದ. ಮನೆಯಲ್ಲಿ ಮಾತು ಕಡಿಮೆಯಾಗುತ್ತಾ ಬಂತು. ಬೇರೆ ವಿಭಾಗಕ್ಕೆ ಹಾಕಿ ಎಂದು ವೆಲಿಚ್ಕಾ ಎರಡು ಸಲ ಅರ್ಜಿ ಕೊಟ್ಟಳು. "ನಿಮ್ಮಷ್ಟು ಕರಾರುವಾಕ್ಕಾಗಿ ಎಣಿಸೋರು ಎಲ್ಲಿ ಸಿಗ್ತಾರೆ?" ಎಂದು ಕಲ್ಚೇವ್ ಎರಡು ಸಲವೂ ಹಿಂದಕ್ಕೆ ಕಳಿಸಿದರು.

ಮುಂದಿನ ವರ್ಷದ ಪಟ್ಟಿಯಲ್ಲಿ ನಮ್ಮ ದೇಶಕ್ಕೆ ಸ್ವಂತ ಸಾಲೇ ಇರಲಿಲ್ಲ, 'ಇತರೆ'ಯಲ್ಲಿ ಸೇರಿಸಿದ್ದರು. ವೆಲಿಚ್ಕಾ ತಕರಾರು ಎತ್ತಲಿಲ್ಲ. ನಿವೃತ್ತಿಯವರೆಗೂ ಅಲ್ಲೇ ಕೂತಳು. ತಾನೊಮ್ಮೆ ಎಂಜಿನಿಯರ್ ಆಗಿದ್ದೆ ಎಂದು ಹೊಸಬರಲ್ಲಿ ಯಾರಿಗೂ ಹೇಳಲಿಲ್ಲ.