ಮಾವನವರ ನೀಲಿಗೀರಿನ ಅಂಗಿ

ನನಗೊಂದು ಕೆಟ್ಟ ಚಾಳಿಯಿದೆ. ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಯಾರಾದರೂ ಒಳ್ಳೆಯ ಹತ್ತಿಯ ಅಂಗಿ ತೊಟ್ಟು ಎದುರಿಗೆ ಕೂತರೆ ನಾನು ಅವರ ಮುಖ ನೋಡುವುದಿಲ್ಲ. ಆ ಅಂಗಿಯ ಬೆನ್ನಿನ ಅಗಲದಲ್ಲಿ ಎಷ್ಟು ಬಳೆ ಸುತ್ತಬಹುದು, ತೋಳಿನಲ್ಲಿ ಕೂದಲಿಗೆ ಕಟ್ಟುವ ಪಟ್ಟಿ ಎಷ್ಟು ಸಿಗುತ್ತವೆ ಎಂದು ನೋಡುತ್ತಿರುತ್ತೇನೆ. ಅವರು ನನ್ನ ಬಗ್ಗೆ ಏನು ತಿಳಿದುಕೊಳ್ಳುತ್ತಾರೋ ದೇವರೇ ಬಲ್ಲ. ಈ ಚಾಳಿ ಹತ್ತಿದ್ದು ಗಜೇಂದ್ರಗಡದಿಂದ ರೋಣಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಾಗ.

ಆಗ ಎಲ್ಲರ ಮೈಮೇಲೂ ಟೆರಿಕಾಟ್. ಅದು ಹರಿಯುವುದಿಲ್ಲ, ಸುಕ್ಕಾಗುವುದಿಲ್ಲ, ಅದಕ್ಕೆ ಮುಪ್ಪೇ ಇಲ್ಲ. ಮುಪ್ಪಾಗದ ಬಟ್ಟೆ ಇನ್ನೊಂದು ಜನ್ಮಕ್ಕೆ ಒಪ್ಪುವುದೂ ಇಲ್ಲ. ಗಜೇಂದ್ರಗಡದಲ್ಲಿ ನನಗೆ ಹೊಲಿಗೆ ಕಲಿಸಿದ ಹಸೀನಾಬಿ ಚಾಚಿ ಹೇಳುತ್ತಿದ್ದಳು, ಹೊಸ ಅರಿವಿ ಹಠ ಮಾಡತೈತಿ, ಹಳೇದು ಹೇಳಿದ ಮಾತು ಕೇಳತೈತಿ ಅಂತ. ನಮ್ಮ ಮನೆಯಲ್ಲಿ ಹಾಗೆ ಮಾತು ಕೇಳುವ ಅಂಗಿಗಳಿದ್ದದ್ದು ಒಬ್ಬರ ಹತ್ತಿರ ಮಾತ್ರ. ಅವರು ಅಬ್ಬಿಗೇರಿಯ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದ ನಮ್ಮ ಮಾವನವರು. ಎರೆ ಹೊಲದಲ್ಲಿ ಹತ್ತಿ ಬೆಳೆಯುವ ಸೀಮೆಯಲ್ಲಿದ್ದು ಪ್ಲಾಸ್ಟಿಕ್ ಯಾಕೆ ತೊಡಬೇಕು ಎಂಬುದು ಅವರ ವಾದ.

ಆದರೆ ಆ ಅಂಗಿಗಳಿಗೆ ಹಕ್ಕುದಾರರು ಮೊದಲೇ ಇದ್ದರು. ಸತ್ತ ಮೇಲೆ ಮನುಷ್ಯನ ಆತ್ಮ ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಜಗಳವಿದೆ. ಅಂಗಿಯ ಆತ್ಮದ ಬಗ್ಗೆ ನಮ್ಮ ಕಡೆ ಯಾವ ಅನುಮಾನವೂ ಇಲ್ಲ. ಅದು ನೇರ ಕೌದಿಗೆ ಹೋಗುತ್ತದೆ. ನಮ್ಮ ಅತ್ತೆ ಹಳೆಯ ಸೀರೆ, ಧೋತರ, ಅಂಗಿಗಳನ್ನೆಲ್ಲ ಒಗೆದು ಮಡಚಿ ಗಂಟು ಕಟ್ಟಿ ಇಟ್ಟಿದ್ದರು. ಬೇಸಿಗೆಯಲ್ಲಿ ಆ ಗಂಟು ಬಿಚ್ಚಿ, ಪದರದ ಮೇಲೆ ಪದರ ಹಾಸಿ, ಕೌದಿ ಹೊಲಿಯಲು ಕೂಡುತ್ತಿದ್ದರು. ನಾನೋ ಟಿವಿಯಲ್ಲಿ ಮಧ್ಯಾಹ್ನದ ಒಂದು ಕಾರ್ಯಕ್ರಮ ನೋಡಿ, ಹಳೆಯ ಅಂಗಿಯಿಂದ ಸರ, ಬಳೆ, ಹೂವು ಮಾಡುವ ಹುಚ್ಚು ಹಿಡಿಸಿಕೊಂಡಿದ್ದೆ. ನನ್ನ ಮೊದಲನೆಯ ಸರವನ್ನು ನೋಡಿ ಗಂಡ ಬಹಳ ಹೊತ್ತು ಯೋಚಿಸಿ, ಕಾರಹುಣ್ಣಿವೆಗೆ ಎತ್ತಿನ ಕೊರಳಿಗೆ ಚಲೋ ಒಪ್ಪತೈತಿ ಅಂದರು. ಅವರು ಸುಳ್ಳು ಹೇಳುವವರಲ್ಲ.

ಎಂಟನೆಯದೋ ಒಂಬತ್ತನೆಯದೋ ಸರ ಮನುಷ್ಯರಿಗೆ ಒಪ್ಪುವಂತಾಯಿತು. ಅಷ್ಟರಲ್ಲಿ ನಾದಿನಿ ಶೋಭಾಳ ಕಾಲೇಜಿನ ವಾರ್ಷಿಕೋತ್ಸವ, ನಮ್ಮ ಕಡೆಯ ಗ್ಯಾದರಿಂಗ್, ಬಂತು. ಇಡೀ ಕಾರ್ಯಕ್ರಮ ಅವಳೇ ನಡೆಸಿಕೊಡಬೇಕು. ತಿಳಿನೀಲಿ ಚೂಡಿದಾರ ಇತ್ತು, ಅದಕ್ಕೆ ಹೊಂದುವ ಆಭರಣ ಇರಲಿಲ್ಲ. ವೈನಿ, ಏನರೆ ಮಾಡ್ರಿ ಎಂದು ನನ್ನ ಬೆನ್ನು ಹತ್ತಿದಳು. ನಾನು ಈ ಮನೆಗೆ ಬಂದ ಮೇಲೆ ನನ್ನಿಂದ ಏನಾದರೂ ಆದೀತು ಎಂದು ನಂಬಿದವಳು ಅವಳೊಬ್ಬಳೇ. ಆ ಉಬ್ಬಿನಲ್ಲಿ, ಅತ್ತೆ ನೆಂಟರ ಮನೆಗೆ ಹೋಗಿದ್ದಾಗ ಗಂಟು ಬಿಚ್ಚಿದೆ. ತಳದಲ್ಲಿ ಮಾವನವರ ನೀಲಿಗೀರಿನ ಅಂಗಿ ಇತ್ತು. ಕೈಯಲ್ಲಿ ಹಿಡಿದರೆ ಹಾಲಿನ ಕೆನೆಯಂತೆ ಮೆತ್ತಗೆ. ಕತ್ತರಿ ಹಾಕಿಯೇ ಬಿಟ್ಟೆ. ಬೆನ್ನಿನಿಂದ ಮೂರೆಳೆಯ ಹೆಣೆದ ಸರ, ತೋಳಿನಿಂದ ನಾಲ್ಕು ಬಳೆ, ಕಾಲರಿನಿಂದ ತಲೆಗೆ ಒಂದು ಹೂವು.

ಗ್ಯಾದರಿಂಗಿಗೆ ಮನೆಮಂದಿಯೆಲ್ಲ ಹೋದೆವು. ಶೋಭಾ ಮೈಕಿನ ಮುಂದೆ ನಿಂತಳು. ಹಿಂದಿನ ಸಾಲಿನ ಹುಡುಗಿಯರು ಆ ಸರ ಎಲ್ಲಿಯದು ಎಂದು ಪಿಸುಗುಟ್ಟುವುದು ಕೇಳಿ ನಾನು ಕುರ್ಚಿಯಲ್ಲೇ ಎರಡಿಂಚು ಬೆಳೆದೆ. ಆಗ ಮಾವನವರು ಕನ್ನಡಕ ಏರಿಸಿ, ಅತ್ತೆಯ ಕಡೆಗೆ ಬಾಗಿ, "ಅಲ್ಲ, ಅಕಿ ಕೊರಳಾಗ ಇರೋದು ನನ್ನ ಅಂಗಿ ಇದ್ದಂಗ ಐತಲ್ಲ?" ಅಂದರು.

ಅಂದಿನಿಂದ ಮೂರು ದಿನ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ರೊಟ್ಟಿ ಬಡಿಯುವ ಸಪ್ಪಳದಲ್ಲೇ ನನಗೆ ಅವರ ಸಿಟ್ಟು ತಿಳಿಯುತ್ತಿತ್ತು. ನಾಲ್ಕನೆಯ ದಿನ ಶೋಭಾ ಹೇಳಿದಳು. ಅವಳ ಮದುವೆಗೆಂದು ಹೊಲಿಯುವ ಕೌದಿಯ ನಟ್ಟನಡುವೆ ಹಾಕಲು ಅವ್ವ ಆ ಅಂಗಿಯನ್ನು ಎಷ್ಟೋ ವರ್ಷದಿಂದ ಕಾದಿಟ್ಟಿದ್ದರಂತೆ. ಶೋಭಾಳಿಗೆ ಸೇರಬೇಕಾದದ್ದು ಶೋಭಾಳಿಗೇ ಸೇರಿತಲ್ಲ ಎಂದು ನನ್ನೊಳಗಿನ ವಕೀಲ ವಾದ ಹೂಡಿದ. ಆದರೆ ನನಗೇ ನಾಚಿಕೆಯಾಗಿ ಅವನನ್ನು ಸುಮ್ಮನಿರಿಸಿದೆ.

ಆ ಮಧ್ಯಾಹ್ನ ಉಳಿದ ತುಂಡುಗಳನ್ನೆಲ್ಲ, ದಾರದಷ್ಟು ಸಣ್ಣ ಚಿಂದಿಯನ್ನೂ ಬಿಡದೆ ಆರಿಸಿ, ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಮುಂದಿಟ್ಟೆ. "ತಪ್ಪಾತ್ರಿ ಅತ್ತಿ" ಅಂದೆ.

"ಕೇಳಿದ್ರ ನಾನ ತಗದು ಕೊಡತಿದ್ನೆವಾ" ಅಂದರು ಅತ್ತೆ. ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಆಮೇಲೆ ಒಂದೊಂದೇ ತುಂಡು ಬಿಡಿಸಿ ತೊಡೆಯ ಮೇಲೆ ಸವರತೊಡಗಿದರು. ಕೌದಿಗೆ ಇಷ್ಟು ಸಾಕು ಎಂದು ಕೆಲವನ್ನು ಬದಿಗಿಟ್ಟರು. ಎದೆಯ ಎಡಗಡೆಯ ತುಂಡು ಸಿಕ್ಕಾಗ ಕೈ ನಿಂತಿತು. ಅದರಲ್ಲಿ ಕಿಸೆ ಹಾಗೇ ಇತ್ತು, ಗುಂಡಿಯ ಸಮೇತ. ಬಹಳ ಹೊತ್ತು ನೋಡಿ, ಅತ್ತಿತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದರು: "ಈ ಕಿಸೆ ಬಿಚ್ಚದ, ಹಿಂಗ ಇಟ್ಟು, ನನಗೊಂದು ಎಲಿ-ಅಡಿಕಿ ಸಂಚಿ ಹೊಲದು ಕೊಡತಿಯೇನು? ಈ ಮನಿಗೆ ಬಂದು ನಲವತ್ತು ವರ್ಷಾತು. ಅವರ ಕಿಸೆದಾಗ ಒಂದು ದಿನ ಕೈ ಹಾಕಿದಾಕಿ ಅಲ್ಲ ನಾ. ಇನ್ನ ಅದು ನನ್ನ ಟೊಂಕದಾಗ ಇರ್ಲಿ."

ನನ್ನ ಕೈಯಿಂದ ಎಷ್ಟೋ ಸರ, ಬಳೆ ಆಗಿವೆ. ಆ ಸಂಚಿಗೆ ಹಾಕಿದಷ್ಟು ಸಣ್ಣ ಹೊಲಿಗೆ ಮತ್ತೆ ಯಾವುದಕ್ಕೂ ಹಾಕಿಲ್ಲ. ಅಲ್ಲಿಯವರೆಗೆ ಮನೆಯ ಎಲೆ-ಅಡಿಕೆ ಗೋಡೆಯ ಗೂಡಿನಲ್ಲೊಂದು ಡಬ್ಬಿಯಲ್ಲಿರುತ್ತಿತ್ತು, ಬೇಕಾದವರು ತೆಗೆದುಕೊಳ್ಳುತ್ತಿದ್ದರು. ಸಂಚಿ ಹೊಲಿದು ಕೊಟ್ಟ ಮರುದಿನ ಡಬ್ಬಿ ಖಾಲಿ. ಊಟ ಮುಗಿಸಿ ಬಂದ ಮಾವನವರು ಗೂಡು ತಡಕಿ, ಸುತ್ತ ನೋಡಿ, ಕೊನೆಗೆ ಅತ್ತೆಯ ಟೊಂಕದಲ್ಲಿ ತಮ್ಮ ಕಿಸೆಯನ್ನು ಗುರುತಿಸಿದರು. ಸುಮ್ಮನೆ ಕೈ ಚಾಚಿದರು. ಅತ್ತೆ ಆ ಒಂದು ಗುಂಡಿ ಬಿಚ್ಚಲು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಂಡರು. ಊರ ಮಕ್ಕಳನ್ನೆಲ್ಲ ಕೈಕಟ್ಟಿಸಿ ಕೂಡ್ರಿಸಿದ ಮಾಸ್ತರರು, ಒಂದು ಎಲೆಗಾಗಿ ಕೈಯೊಡ್ಡಿ, ಶಾಂತವಾಗಿ ಕಾಯುತ್ತ ನಿಂತರು.