ಮುಸ್ಸಂಜೆಯ ಪಾಚಿ

ಜೀವನ್ ಬಿಮಾ ನಗರದ ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಸದಾ ಪಾಚಿಯ ಕಾಟ. ಬೆಳಕು ಹೆಚ್ಚಾದರೆ ಪಾಚಿ ಬೆಳೆಯುತ್ತದೆ, ಕತ್ತಲಾಗುವ ಮೊದಲೇ ಲೈಟ್ ಆರಿಸಿ ಎಂದು ಶಿವಾಜಿನಗರದ ಮೀನಿನಂಗಡಿಯವರು ಹೇಳಿದ್ದರು. ಅಮ್ಮ ಬಿಡಬೇಕಲ್ಲ.

"ದೀಪ ಹಚ್ಚೋ ಹೊತ್ತಲ್ಲಿ ಯಾರಾದ್ರೂ ಲೈಟ್ ಆರಿಸ್ತಾರಾ? ಮೀನೂ ಮನೆಯವ್ರೇ ಅಲ್ವಾ?" ಎಂದು, ನಾನು ಆರಿಸಿದ್ದನ್ನು ಮತ್ತೆ ಹಾಕುತ್ತಿದ್ದಳು.

ಭಾನುವಾರವೆಲ್ಲ ನಾನು ಗೊಣಗುತ್ತ ಗಾಜು ಕೆರೆಯುತ್ತಿದ್ದೆ. ಅವಳು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತ, "ಆ ಮೂಲೇಲಿ ಇನ್ನೂ ಇದೆ ನೋಡು" ಎನ್ನುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ಲೈಟ್ ಹೊತ್ತಿಗೆ ಸರಿಯಾಗಿ ಆರುತ್ತದೆ. ಅಂಗಡಿಯವರ ಮಾತೇ ನಿಜವಾಯಿತು. ಗಾಜಿನ ಯಾವ ಮೂಲೆಯಲ್ಲೂ ಕೆರೆಯಲು ಏನೂ ಇಲ್ಲ. ಭಾನುವಾರಗಳು ಮುಗಿಯುವುದೇ ಇಲ್ಲ.

ನಿನ್ನೆ ಮುಸ್ಸಂಜೆ ನಾನೇ ಲೈಟ್ ಹಾಕಿ ಹಾಗೇ ಬಿಟ್ಟೆ. ಪಾಚಿ ಕಟ್ಟಿದರೆ ಕಟ್ಟಲಿ.